ಆಕ್ಸಿಜನ್ ಬೇಕಾದವರು ವಿಮಾನ ಹತ್ತಬಹುದೇ? ಮನೆಯ ಸಿಲಿಂಡರ್ ಒಯ್ಯಬಹುದೇ? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಮನೆಯಲ್ಲಿ ಆಕ್ಸಿಜನ್ ಹಚ್ಚಿಕೊಂಡಿರುವ ಹಿರಿಯರಿದ್ದು, ಮಗನೋ ಮಗಳೋ ಹೊರದೇಶದಲ್ಲಿದ್ದರೆ ಒಂದಲ್ಲ ಒಂದು ದಿನ ವಿಮಾನದ ಪ್ರಶ್ನೆ ಬಂದೇ ಬರುತ್ತದೆ. ಆಗ ವಾಟ್ಸಾಪ್‌ನಲ್ಲಿ ಎರಡು ಬಗೆಯ ಮಾತು ಕೇಳಿಸುತ್ತದೆ. ಒಂದು: "ಆಕ್ಸಿಜನ್ ಮೇಲಿರುವವರು ವಿಮಾನ ಹತ್ತಲೇಬಾರದು, ಅಷ್ಟು ಎತ್ತರದಲ್ಲಿ ಪ್ರಾಣಕ್ಕೇ ಅಪಾಯ." ಇನ್ನೊಂದು ಇದಕ್ಕೆ ಪೂರ್ತಿ ಉಲ್ಟಾ: "ಡಾಕ್ಟರ್ ಚೀಟಿ ಇದ್ದರೆ ಸಾಕು, ಮನೆಯ ಸಿಲಿಂಡರನ್ನೇ ಒಯ್ಯಬಹುದು. ಅದೂ ಇಲ್ಲದಿದ್ದರೆ ಮೇಲಿನಿಂದ ಮಾಸ್ಕ್ ಇಳಿಯುತ್ತದಲ್ಲ!"

ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ಹೋಗಬಹುದಾಗಿದ್ದವರೂ ಮನೆಯಲ್ಲೇ ಉಳಿಯುತ್ತಾರೆ. ಎರಡನೆಯದನ್ನು ನಂಬಿದರೆ ವಿಮಾನ ನಿಲ್ದಾಣದ ಕೌಂಟರ್‌ನಿಂದ ವಾಪಸ್ ಬರಬೇಕಾಗುತ್ತದೆ, ಅಥವಾ ಆಕಾಶದಲ್ಲಿ ಉಸಿರಿಗೆ ಒದ್ದಾಡಬೇಕಾಗುತ್ತದೆ. ನಿಜವಾಗಿ ಏನಾಗುತ್ತದೆ ಎಂದು ನೋಡೋಣ.

ವಿಮಾನದೊಳಗೆ ಆಕ್ಸಿಜನ್ ಕಡಿಮೆ ಇರುತ್ತದೆಯೇ?

ಇರುತ್ತದೆ, ಆದರೆ ನಾವು ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. ಗಾಳಿಯಲ್ಲಿ ಆಕ್ಸಿಜನ್ ಪಾಲು ನೆಲದ ಮೇಲೂ ಶೇ. 21, ವಿಮಾನದೊಳಗೂ ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಒತ್ತಡ ಕಡಿಮೆಯಾದರೆ ಒಂದು ಉಸಿರಿನಲ್ಲಿ ಒಳಗೆ ಬರುವ ಆಕ್ಸಿಜನ್ ಕಣಗಳ ಸಂಖ್ಯೆಯೂ ಕಡಿಮೆಯಾಗುತ್ತದೆ.

ವಿಮಾನ 35,000 ಅಡಿಗಿಂತ ಮೇಲೆ ಹಾರುವಾಗ ಹೊರಗಿನ ಒತ್ತಡ ಸಮುದ್ರಮಟ್ಟದ ಕಾಲುಭಾಗಕ್ಕಿಂತಲೂ ಕಡಿಮೆ. ಆ ಗಾಳಿಯಲ್ಲಿ ಯಾರೂ ಬದುಕಲಾರರು. ಅದಕ್ಕೇ ಕ್ಯಾಬಿನ್ ಒಳಗೆ ಗಾಳಿ ತುಂಬಿ ಒತ್ತಡ ಕಾಯ್ದುಕೊಳ್ಳುತ್ತಾರೆ. ಆದರೆ ನೆಲದ ಮೇಲಿನಷ್ಟೇ ಒತ್ತಡ ಇಡಬೇಕೆಂದರೆ ವಿಮಾನದ ಕವಚ ಇನ್ನೂ ಗಟ್ಟಿಯಾಗಿರಬೇಕು, ತೂಕ ಹೆಚ್ಚುತ್ತದೆ. ಹಾಗಾಗಿ ನಿಯಮ ಒಂದು ಮಿತಿ ಹಾಕಿದೆ: ಮಾಮೂಲಿ ಹಾರಾಟದಲ್ಲಿ ಕ್ಯಾಬಿನ್ ಒಳಗಿನ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವುದಕ್ಕಿಂತ ಕಡಿಮೆಯಾಗಬಾರದು.

8,000 ಅಡಿ ಎಂದರೆ ಸುಮಾರು 2,440 ಮೀಟರ್. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಅಲ್ಲಿನ ದೊಡ್ಡಬೆಟ್ಟ 2,637 ಮೀಟರ್. ಅಂದರೆ ವಿಮಾನದಲ್ಲಿ ಕೂತವರು ಲೆಕ್ಕದ ಪ್ರಕಾರ ಊಟಿಯಿಂದ ದೊಡ್ಡಬೆಟ್ಟಕ್ಕೆ ಹೋಗುವ ದಾರಿಯ ಮಧ್ಯೆ ಎಲ್ಲೋ ಕೂತಂತೆ. ಬೋಯಿಂಗ್ 787, ಏರ್‌ಬಸ್ ಎ350 ಥರದ ಹೊಸ ವಿಮಾನಗಳಲ್ಲಿ ಈ ಮಟ್ಟ ಸುಮಾರು 6,000 ಅಡಿ. ಅದು ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ. ಉಸಿರಾಟದ ತೊಂದರೆ ಇರುವವರಿಗೆ ಟಿಕೆಟ್ ಮಾಡುವಾಗ ಯಾವ ವಿಮಾನ ಎಂದು ನೋಡುವುದು ಸುಮ್ಮನೆ ಷೋಕಿಯಲ್ಲ, ಅದರಿಂದ ಉಪಯೋಗವಿದೆ.

8,000 ಅಡಿ ಮಟ್ಟದಲ್ಲಿ ಉಸಿರಾಡುವುದು, ಸಮುದ್ರಮಟ್ಟದಲ್ಲಿ ಶೇ. 21ರ ಬದಲು ಸುಮಾರು ಶೇ. 15 ಆಕ್ಸಿಜನ್ ಇರುವ ಗಾಳಿ ಉಸಿರಾಡಿದಂತೆ. ಆರೋಗ್ಯವಂತರ ಪಲ್ಸ್ ಆಕ್ಸಿಮೀಟರ್ ಕೂಡ ವಿಮಾನದಲ್ಲಿ 90ರಿಂದ 94ರ ಆಸುಪಾಸು ತೋರಿಸಬಹುದು. ಕೋವಿಡ್ ಕಾಲದಲ್ಲಿ "94ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಓಡಿ" ಎಂದು ಕಲಿತ ನಮಗೆ ಈ ಸಂಖ್ಯೆ ನೋಡಿದರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಮಾತು ನೆಲದ ಮೇಲಿನ ರೋಗಿಗಳಿಗೆ ಹೇಳಿದ್ದು. ಆರೋಗ್ಯವಂತರೊಬ್ಬರು ಆಕಾಶದಲ್ಲಿ ಆಕ್ಸಿಮೀಟರ್ ಹಾಕಿ, 91 ಬಂದ ಫೋಟೋ ತೆಗೆದು ಗುಂಪಿಗೆ ಕಳಿಸಿದರೆ ಅದರಿಂದ ಹೆದರಬೇಕಾಗಿಲ್ಲ.

ಹಾಗಾದರೆ ತೊಂದರೆ ಯಾರಿಗೆ?

ರಕ್ತ ಆಕ್ಸಿಜನ್ ಹಿಡಿದುಕೊಳ್ಳುವ ರೀತಿ ಸ್ವಲ್ಪ ವಿಚಿತ್ರ. ಮೇಲೆ ಸಮತಟ್ಟಾಗಿದ್ದು, ಒಂದು ಅಂಚು ದಾಟಿದ ಮೇಲೆ ಕಡಿದಾಗಿ ಇಳಿಯುವ ಗುಡ್ಡವನ್ನು ಕಣ್ಣಮುಂದೆ ತಂದುಕೊಳ್ಳಿ. ಆರೋಗ್ಯವಂತರು ಸಮತಟ್ಟು ಜಾಗದ ನಡುವೆ ನಿಂತಿರುತ್ತಾರೆ. ಗಾಳಿಯ ಆಕ್ಸಿಜನ್ ಸ್ವಲ್ಪ ಕಡಿಮೆಯಾದರೂ ರಕ್ತದ ಮಟ್ಟ ನಾಲ್ಕೈದು ಅಂಕ ಇಳಿಯುತ್ತದೆ, ಅಷ್ಟೆ. ಆದರೆ ಸಿಒಪಿಡಿ, ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಹೆಚ್ಚಿರುವವರು ನೆಲದ ಮೇಲೆಯೇ ಅಂಚಿನ ಹತ್ತಿರ ನಿಂತಿರುತ್ತಾರೆ. ನೆಲದ ಮೇಲೆ 92 ಇರುವವರಿಗೆ ವಿಮಾನದಲ್ಲಿ 80ರ ಹತ್ತಿರ ಇಳಿಯಬಹುದು. ಶೌಚಾಲಯಕ್ಕೆ ನಡೆದು ಹೋದರೆ ಇನ್ನೂ ಕೆಳಗೆ. ತಲೆಸುತ್ತು, ಗೊಂದಲ, ಎದೆಬಡಿತ, ಹೃದಯದ ಮೇಲೆ ಒತ್ತಡ ಎಲ್ಲ ಆಗಲೇ ಶುರುವಾಗುವುದು.

ಹಾಗೆಂದು ಇವರು ಪ್ರಯಾಣ ಮಾಡಲೇಬಾರದು ಎಂದಲ್ಲ. ಬಹಳಷ್ಟು ಜನರಿಗೆ ಪರಿಹಾರ ಸರಳ: ವಿಮಾನದಲ್ಲಿ ಆಕ್ಸಿಜನ್ ಕೊಡಬೇಕು. ನೆಲದ ಮೇಲೆ ಆಕ್ಸಿಜನ್ ಬೇಡವಾದ ಕೆಲವರಿಗೂ ವಿಮಾನದಲ್ಲಿ ಬೇಕಾಗುತ್ತದೆ. ಮನೆಯಲ್ಲೇ ಆಕ್ಸಿಜನ್ ಹಚ್ಚಿಕೊಂಡಿರುವವರಿಗೆ ಪ್ರಮಾಣ ಹೆಚ್ಚಿಸಬೇಕಾಗಬಹುದು.

ಎಷ್ಟು ಹೆಚ್ಚಿಸಬೇಕು ಎಂಬುದನ್ನು ಮಾತ್ರ ನೀವೇ ತೀರ್ಮಾನಿಸಬೇಡಿ. ಕೆಲವು ಸಿಒಪಿಡಿ ರೋಗಿಗಳಲ್ಲಿ ಆಕ್ಸಿಜನ್ ಅತಿಯಾದರೆ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಂಪರು ಬರುತ್ತದೆ. ಪಕ್ಕದಲ್ಲಿ ಕೂತವರಿಗೆ "ಅಪ್ಪ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ" ಎಂದೇ ಅನ್ನಿಸುತ್ತದೆ. ಅಪಾಯ ಇರುವುದು ಅಲ್ಲೇ.

ಬೇಕೋ ಬೇಡವೋ ತಿಳಿಯುವುದು ಹೇಗೆ?

ಶ್ವಾಸಕೋಶ ತಜ್ಞರು ಒಂದು ಪರೀಕ್ಷೆ ಮಾಡಬಲ್ಲರು. ಶೇ. 15ರಷ್ಟೇ ಆಕ್ಸಿಜನ್ ಇರುವ ಗಾಳಿಯನ್ನು ಸುಮಾರು 20 ನಿಮಿಷ ಉಸಿರಾಡಲು ಕೊಟ್ಟು, ರಕ್ತದ ಮಟ್ಟ ಎಲ್ಲಿಗೆ ಇಳಿಯುತ್ತದೆ ಎಂದು ನೋಡುತ್ತಾರೆ. ನೆಲದ ಮೇಲೆ ಕುರ್ಚಿಯಲ್ಲಿ ಕೂತೇ ವಿಮಾನದ ಗಾಳಿ ಕುಡಿದಂತೆ. ಸ್ಯಾಚುರೇಶನ್ 85ಕ್ಕಿಂತ ಕೆಳಗೆ ಇಳಿದರೆ ವಿಮಾನದಲ್ಲಿ ಆಕ್ಸಿಜನ್ ಬೇಕು ಎಂದರ್ಥ. ಈ ಸೌಲಭ್ಯ ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಅದಿಲ್ಲದ ಕಡೆ ವೈದ್ಯರು ಕುಳಿತಾಗಿನ ಸ್ಯಾಚುರೇಶನ್, ಆರು ನಿಮಿಷ ನಡೆಸಿ ನೋಡುವ ಪರೀಕ್ಷೆ, ಹಳೆಯ ವರದಿಗಳು ಇವುಗಳಿಂದ ಅಂದಾಜು ಮಾಡುತ್ತಾರೆ.

"50 ಮೀಟರ್ ನಡೆದು ಏದುಸಿರು ಬರದಿದ್ದರೆ ವಿಮಾನ ಹತ್ತಬಹುದು" ಎಂಬ ಮಾತು ನೀವು ಕೇಳಿರಬಹುದು. ಇದು ಪೂರ್ತಿ ಸುಳ್ಳಲ್ಲ, ವೈದ್ಯರೂ ಹಿಂದಿನಿಂದ ಬಳಸುತ್ತಿರುವ ಒರಟು ಅಳತೆ. ಆದರೆ ಅದೊಂದನ್ನೇ ನಂಬುವಂತಿಲ್ಲ. ಮನೆಯ ಆಕ್ಸಿಮೀಟರ್ ಸಂಖ್ಯೆಯೂ ಅಷ್ಟೇ, ಕೂತಾಗ 95 ಬಂದ ಮಾತ್ರಕ್ಕೆ ವಿಮಾನದಲ್ಲಿ ಏನಾಗುತ್ತದೆ ಎಂದು ಖಚಿತವಾಗಿ ಹೇಳಲಾಗದು.

ಒಂದು ಸ್ಥಿತಿಯಲ್ಲಿ ಮಾತ್ರ ಆಕ್ಸಿಜನ್ ಕೊಟ್ಟರೂ ವಿಮಾನ ಬೇಡವೇ ಬೇಡ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನೊಳಗೆ ಸೇರಿಕೊಂಡಿರುವುದು, ವೈದ್ಯರ ಭಾಷೆಯಲ್ಲಿ ನ್ಯೂಮೋಥೊರಾಕ್ಸ್. ಕ್ಯಾಬಿನ್ ಒತ್ತಡ ಇಳಿದಾಗ ದೇಹದೊಳಗೆ ಸಿಕ್ಕಿಬಿದ್ದ ಗಾಳಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ವಿಮಾನದಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬುವುದು ನೋಡಿದ್ದೀರಲ್ಲ, ಅದೇ ಎದೆಯೊಳಗೆ ಆದರೆ ಹೇಗಿರುತ್ತದೆ ಯೋಚಿಸಿ. ವಾಸಿಯಾಗಿದೆ ಎಂದು ಎಕ್ಸ್‌ರೇಯಲ್ಲಿ ಖಾತ್ರಿಯಾಗಿ ಕನಿಷ್ಠ ಒಂದು ವಾರವಾದರೂ ಕಳೆಯಬೇಕು.

ಮನೆಯ ಸಿಲಿಂಡರ್ ಯಾಕೆ ಒಯ್ಯಬಾರದು?

ಆಕ್ಸಿಜನ್ ತಾನೇ ಉರಿಯುವುದಿಲ್ಲ. ಆದರೆ ಉರಿಯುವ ಎಲ್ಲದಕ್ಕೂ ಅದು ತುಪ್ಪ ಹೊಯ್ಯುತ್ತದೆ. ಜೊತೆಗೆ ಸಿಲಿಂಡರ್‌ನೊಳಗೆ ಭಾರೀ ಒತ್ತಡ. ಈ ಎರಡೂ ಒಂದೇ ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ವಿಮಾನಗಳ ಇತಿಹಾಸದಲ್ಲಿ ಉದಾಹರಣೆಗಳಿವೆ.

1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ 592 ವಿಮಾನ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿತ್ತು. ಅದರಲ್ಲಿದ್ದ 110 ಜನರೂ ಸತ್ತರು. ಸರಕಿನ ಭಾಗದಲ್ಲಿ ಅವಧಿ ಮುಗಿದ ರಾಸಾಯನಿಕ ಆಕ್ಸಿಜನ್ ಜನರೇಟರ್‌ಗಳನ್ನು ಸರಿಯಾಗಿ ಭದ್ರಪಡಿಸದೆ ಪೆಟ್ಟಿಗೆಗಳಲ್ಲಿ ತುಂಬಿದ್ದರು. ಅವು ಚಾಲೂ ಆಗಿ ಕಾದವು, ಬೆಂಕಿ ಹತ್ತಿತು, ಆ ಬೆಂಕಿಗೆ ಅವುಗಳೇ ಆಕ್ಸಿಜನ್ ಉಣಿಸಿದವು. 2008ರ ಜುಲೈ 25ರಂದು ಹಾಂಗ್‌ಕಾಂಗ್‌ನಿಂದ ಮೆಲ್ಬರ್ನ್‌ಗೆ ಹೊರಟಿದ್ದ ಕ್ವಾಂಟಾಸ್ 747 ವಿಮಾನದಲ್ಲಿ, ವಿಮಾನದ್ದೇ ಆದ ಒಂದು ಆಕ್ಸಿಜನ್ ಸಿಲಿಂಡರ್ ಸಿಡಿದು ಹೊರಕವಚಕ್ಕೆ ದೊಡ್ಡ ತೂತು ಬಿತ್ತು. ಪೈಲಟ್‌ಗಳು ಮನಿಲಾದಲ್ಲಿ ಸುರಕ್ಷಿತವಾಗಿ ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ. ಹದ್ದುಬಸ್ತಿನಲ್ಲಿ ನಿರ್ವಹಣೆ ಮಾಡುವ ವಿಮಾನದ ಸಿಲಿಂಡರ್‌ಗೇ ಹೀಗಾದರೆ, ಕೊನೆಯ ಬಾರಿ ಯಾವಾಗ ಪರೀಕ್ಷೆಯಾಗಿದೆ ಎಂದು ಮನೆಯವರಿಗೇ ಗೊತ್ತಿಲ್ಲದ ಸಿಲಿಂಡರನ್ನು ಒಳಗೆ ಬಿಡುವುದಾದರೂ ಹೇಗೆ?

ಅಂತರರಾಷ್ಟ್ರೀಯ ನಿಯಮದಲ್ಲಿ ವೈದ್ಯಕೀಯ ಬಳಕೆಯ ಸಣ್ಣ ಸಿಲಿಂಡರ್‌ಗೆ ಒಂದು ಅವಕಾಶವಿದೆ: ಒಟ್ಟು ತೂಕ 5 ಕಿಲೋ ಮೀರಬಾರದು, ವಿಮಾನಯಾನ ಸಂಸ್ಥೆ ಮೊದಲೇ ಒಪ್ಪಿರಬೇಕು. ಒಪ್ಪಬೇಕೆಂಬ ಕಡ್ಡಾಯವಿಲ್ಲ. ಅಮೆರಿಕದ ನಿಯಮದಲ್ಲಿ ಅದೂ ಇಲ್ಲ, ಪ್ರಯಾಣಿಕರು ಸ್ವಂತ ತುಂಬಿದ ಸಿಲಿಂಡರನ್ನು ಡಾಕ್ಟರ್ ಚೀಟಿ ಇದ್ದರೂ ತರುವಂತಿಲ್ಲ. ದ್ರವರೂಪದ ಆಕ್ಸಿಜನ್ ಎಲ್ಲ ಕಡೆ ನಿಷಿದ್ಧ. ಕೆಲವು ಸಂಸ್ಥೆಗಳು ತಮ್ಮದೇ ಸಿಲಿಂಡರನ್ನು ಶುಲ್ಕಕ್ಕೆ ಕೊಡುತ್ತವೆ, ಅಮೆರಿಕದ ದೊಡ್ಡ ಸಂಸ್ಥೆಗಳು ಕೊಡುವುದಿಲ್ಲ. ಟಿಕೆಟ್ ಮಾಡುವ ಮೊದಲೇ ಕೇಳಿ, ಮಾಡಿದ ಮೇಲಲ್ಲ.

ಆನ್‌ಲೈನ್‌ನಲ್ಲಿ ಸಿಗುವ, ಡಿಯೋಡರೆಂಟ್ ಡಬ್ಬಿಯಂಥ "ಪೋರ್ಟಬಲ್ ಆಕ್ಸಿಜನ್ ಕ್ಯಾನ್" ಬಗ್ಗೆಯೂ ಕೇಳುತ್ತಾರೆ. 10 ಲೀಟರ್ ಕ್ಯಾನ್ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 2 ಲೀಟರ್ ಬೇಕಾದವರಿಗೆ ಅದು ಐದು ನಿಮಿಷದಲ್ಲಿ ಖಾಲಿ. ವಿಮಾನ ಇನ್ನೂ ರನ್‌ವೇ ಕಡೆ ತಿರುಗುತ್ತಲೇ ಇರುತ್ತದೆ! ಅಮೆರಿಕದಲ್ಲಂತೂ ಇವನ್ನು ವಿಮಾನದೊಳಗೆ ಬಿಡುವುದೇ ಇಲ್ಲ.

ಮೇಲಿನಿಂದ ಇಳಿಯುವ ಮಾಸ್ಕ್?

ಅದು ರೋಗಿಗಳಿಗಾಗಿ ಇಟ್ಟಿದ್ದಲ್ಲ. ಕ್ಯಾಬಿನ್ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ, ಪೈಲಟ್ ವಿಮಾನವನ್ನು 10,000 ಅಡಿ ಆಸುಪಾಸಿಗೆ ಇಳಿಸುವವರೆಗೆ ಎಲ್ಲರನ್ನೂ ಎಚ್ಚರವಾಗಿ ಇಡಲು ಮಾತ್ರ. ಹಲವು ವಿಮಾನಗಳಲ್ಲಿ ಆ ಮಾಸ್ಕ್‌ಗೆ ಸಿಲಿಂಡರ್ ಜೋಡಿಸಿರುವುದೂ ಇಲ್ಲ. ಸೀಟಿನ ಮೇಲೆ ಸೋಡಿಯಂ ಕ್ಲೋರೇಟ್ ತುಂಬಿದ ಡಬ್ಬಿ ಇರುತ್ತದೆ, ಮಾಸ್ಕ್ ಎಳೆದಾಗ ಅದರೊಳಗೆ ರಾಸಾಯನಿಕ ಕ್ರಿಯೆ ನಡೆದು ಆಕ್ಸಿಜನ್ ಹುಟ್ಟುತ್ತದೆ. ಬರುವುದು ಹನ್ನೆರಡರಿಂದ ಇಪ್ಪತ್ತು ನಿಮಿಷ. ಒಮ್ಮೆ ಶುರುವಾದರೆ ನಿಲ್ಲಿಸಲಾಗದು. ಸಿಬ್ಬಂದಿ ಬಳಿ ತುರ್ತು ಸಿಲಿಂಡರ್ ಒಂದೆರಡು ಇರುತ್ತವೆ, ಅವು ದಿಢೀರ್ ಅಸ್ವಸ್ಥರಾದವರಿಗೆ. ಹತ್ತು ಗಂಟೆ ಪ್ರಯಾಣಕ್ಕೆ ಅದನ್ನೇ ನಂಬಿ ಹೊರಡುವುದು ಸರಿಯಲ್ಲ.

ಒಯ್ಯಬಹುದಾದದ್ದು: ಪೋರ್ಟಬಲ್ ಕಾನ್ಸಂಟ್ರೇಟರ್

2021ರ ಎರಡನೇ ಅಲೆಯಲ್ಲಿ ಕಾನ್ಸಂಟ್ರೇಟರ್ ಎಂಬ ಪದ ಹಳ್ಳಿ ಹಳ್ಳಿಗೂ ತಲುಪಿತು. ಇದು ಆಕ್ಸಿಜನ್ ತುಂಬಿಸಿಟ್ಟುಕೊಳ್ಳುವುದಿಲ್ಲ. ಸುತ್ತಲ ಗಾಳಿ ಎಳೆದು, ಜಿಯೋಲೈಟ್ ಎಂಬ ಖನಿಜದ ಹರಳುಗಳ ಮೂಲಕ ಹಾಯಿಸಿ ನೈಟ್ರೋಜನ್ ಹಿಡಿದಿಟ್ಟುಕೊಂಡು, ಸುಮಾರು ಶೇ. 90ರಷ್ಟು ಶುದ್ಧ ಆಕ್ಸಿಜನ್ ಹೊರಗೆ ಬಿಡುತ್ತದೆ. ಸಿಡಿಯುವಂಥ ಒತ್ತಡದ ಸಂಗ್ರಹ ಇಲ್ಲದ ಕಾರಣಕ್ಕೇ ಇದಕ್ಕೆ ವಿಮಾನದಲ್ಲಿ ಅನುಮತಿ.

ಆದರೆ ಮನೆಯಲ್ಲಿ ಹಾಸಿಗೆ ಪಕ್ಕ ಗುಂಯ್ ಎನ್ನುತ್ತಿರುವ 5 ಅಥವಾ 10 ಲೀಟರ್ ಯಂತ್ರವಲ್ಲ. ಅದು 15–20 ಕಿಲೋ ತೂಗುತ್ತದೆ, ಗೋಡೆಯ ಕರೆಂಟ್ ಬೇಕು. ವಿಮಾನಕ್ಕೆ ಬೇಕಾದ್ದು ಹೆಗಲಿಗೆ ಹಾಕಿಕೊಳ್ಳುವ, ಎರಡು ಮೂರು ಕಿಲೋ ತೂಕದ ಬ್ಯಾಟರಿ ಯಂತ್ರ. ವಿಮಾನದಲ್ಲಿ ಬಳಸಲು ಯೋಗ್ಯ ಎಂದು ತಯಾರಕರು ಅದರ ಮೇಲೆ ಕೆಂಪಕ್ಷರದ ಲೇಬಲ್ ಹಾಕಿರುತ್ತಾರೆ, ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಹೆಸರು ಅದರಲ್ಲಿರುತ್ತದೆ. ಹಳೆಯ ಕೆಲವು ಮಾದರಿಗಳು ಲೇಬಲ್ ಇಲ್ಲದೆಯೂ ಎಫ್‌ಎಎ ಪಟ್ಟಿಯಲ್ಲಿವೆ. ಅಗ್ಗಕ್ಕೆ ಸಿಗುವ, ಈ ಯಾವುದೂ ಇಲ್ಲದ ಯಂತ್ರ ಕೊಂಡರೆ ದುಡ್ಡು ದಂಡ.

ಬಾಡಿಗೆಗೆ ತರುವಾಗ ಒಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಹೆಚ್ಚಿನ ಸಣ್ಣ ಯಂತ್ರಗಳು ಮನೆಯ ಯಂತ್ರದಂತೆ ಒಂದೇ ಸಮನೆ ಆಕ್ಸಿಜನ್ ಬಿಡುವುದಿಲ್ಲ. ನೀವು ಮೂಗಿನಿಂದ ಉಸಿರು ಎಳೆದಾಗ ಮಾತ್ರ ಒಂದು ಗುಟುಕು ಬಿಡುತ್ತವೆ. ಅದರ ಮೇಲಿನ "2" ಎಂಬ ಅಂಕಿ ನಿಮಿಷಕ್ಕೆ 2 ಲೀಟರ್ ಎಂದಲ್ಲ. ಮನೆಯಲ್ಲಿ 2 ಲೀಟರ್‌ನಲ್ಲಿರುವ ಅಮ್ಮನಿಗೆ ಇಲ್ಲಿ 2 ಸಾಕಾಗದೇ ಇರಬಹುದು. ಬಾಯಿ ತೆರೆದು ಮಲಗುವವರಲ್ಲಿ ಯಂತ್ರಕ್ಕೆ ಉಸಿರು ಗೊತ್ತೇ ಆಗದೆ ಗುಟುಕು ತಪ್ಪಬಹುದು, ರಾತ್ರಿ ವಿಮಾನದಲ್ಲಿ ಇದು ಸಣ್ಣ ವಿಷಯವಲ್ಲ. ಹಾಗಾಗಿ ಪ್ರಯಾಣಕ್ಕೆ ಕೆಲವು ದಿನ ಮುಂಚೆಯೇ ಅದೇ ಯಂತ್ರ ಹಾಕಿಸಿ, ನಡೆಸಿ, ಮಲಗಿಸಿ ಸ್ಯಾಚುರೇಶನ್ ನೋಡಿ. ಆ ಸಂಖ್ಯೆಗಳನ್ನು ಬರೆದು ವೈದ್ಯರಿಗೆ ತೋರಿಸಿ.

ಬ್ಯಾಟರಿ ಲೆಕ್ಕ ಇನ್ನೊಂದು. ಹಾರಾಟದ ಸಮಯದ ಒಂದೂವರೆ ಪಟ್ಟು ಬ್ಯಾಟರಿ ಇರಬೇಕು ಎಂಬುದು ರೂಢಿಯಲ್ಲಿರುವ ಲೆಕ್ಕ. ಅಮೆರಿಕದ ನಿಯಮದಲ್ಲಿ ವಿಮಾನಯಾನ ಸಂಸ್ಥೆಗಳು ಇಷ್ಟನ್ನು ಕೇಳಬಹುದು. 10 ಗಂಟೆ ಹಾರಾಟಕ್ಕೆ 15 ಗಂಟೆ ಬ್ಯಾಟರಿ. ನಿಮ್ಮ ಸೆಟ್ಟಿಂಗ್‌ನಲ್ಲಿ ಒಂದು ಬ್ಯಾಟರಿ 4 ಗಂಟೆ ಬಂದರೆ ನಾಲ್ಕು ಬೇಕು. ಸೆಟ್ಟಿಂಗ್ ಹೆಚ್ಚಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ, ವಿಮಾನದಲ್ಲಿ ಬಳಸುವ ಸೆಟ್ಟಿಂಗ್‌ನಲ್ಲೇ ಲೆಕ್ಕ ಹಾಕಿ. ಸೀಟಿನ ಪ್ಲಗ್ ನಂಬಬೇಡಿ. ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ತುದಿಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಕವರ್‌ನಲ್ಲಿಡಿ. 100 ವ್ಯಾಟ್-ಅವರ್ ಮೀರಿದ ಬ್ಯಾಟರಿಗೆ ಸಂಸ್ಥೆಯ ಒಪ್ಪಿಗೆ ಬೇಕು, ಅಂಥ ಬಿಡಿ ಬ್ಯಾಟರಿ ಎರಡಕ್ಕಿಂತ ಹೆಚ್ಚು ಬಿಡುವುದಿಲ್ಲ.

ಕಾಗದಪತ್ರ

ವಿಮಾನಯಾನ ಸಂಸ್ಥೆಗಳು "ಮೆಡಿಫ್" ಎಂಬ ಫಾರಂ ಕೇಳುತ್ತವೆ. ಒಂದು ಭಾಗ ಪ್ರಯಾಣಿಕರು ತುಂಬುವುದು, ಇನ್ನೊಂದು ವೈದ್ಯರು. ಸಾಮಾನ್ಯವಾಗಿ ಹೊರಡುವ 48ರಿಂದ 72 ಗಂಟೆ ಮೊದಲು ಕೊಡಬೇಕು ಎನ್ನುತ್ತಾರೆ, ನಾವು ಹೇಳುವುದಾದರೆ ಎರಡು ವಾರ ಮೊದಲೇ ಶುರು ಮಾಡಿ. "ಪ್ರಯಾಣಕ್ಕೆ ಫಿಟ್" ಎಂದು ಒಂದು ಸಾಲು ಬರೆಸಿದರೆ ಸಾಲದು. ಕಾಯಿಲೆ ಏನು, ಎಷ್ಟು ಆಕ್ಸಿಜನ್, ಹಾರಾಟವಿಡೀ ಬೇಕೋ ಆಗಾಗ ಬೇಕೋ, ಯಂತ್ರದ ಮಾದರಿ ಯಾವುದು ಎಲ್ಲ ಇರಬೇಕು. ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಪ್ರತಿ ಸಂಸ್ಥೆಯ ಒಪ್ಪಿಗೆ ಬೇರೆ ಬೇರೆ. ನಡುವಿನ ನಿಲ್ದಾಣದಲ್ಲಿ ಕಾಯುವ ಗಂಟೆಗಳಲ್ಲಿ ಯಾರೂ ಆಕ್ಸಿಜನ್ ಕೊಡುವುದಿಲ್ಲ, ಆ ಹೊತ್ತನ್ನೂ ಬ್ಯಾಟರಿ ಲೆಕ್ಕಕ್ಕೆ ಸೇರಿಸಿ. ನಡೆದು ದಣಿಯುವ ಬದಲು ಗಾಲಿಕುರ್ಚಿ ಮೊದಲೇ ಹೇಳಿಡಿ, ಇದರಲ್ಲಿ ಸಂಕೋಚ ಬೇಡ.

ವಿಮಾನದೊಳಗೆ

ತುರ್ತು ನಿರ್ಗಮನದ ಸಾಲಿನಲ್ಲಿ ಕೂರಲು ಬಿಡುವುದಿಲ್ಲ. ಯಂತ್ರವನ್ನು ಮುಂದಿನ ಸೀಟಿನ ಕೆಳಗೆ, ಗಾಳಿ ಆಡುವಂತೆ ಇಡಿ, ಮೇಲೆ ಕಂಬಳಿ ಮುಚ್ಚಬೇಡಿ. ಮದ್ಯ ಮತ್ತು ನಿದ್ದೆ ಮಾತ್ರೆ ಎರಡೂ ಉಸಿರಾಟವನ್ನು ಮಂದ ಮಾಡುತ್ತವೆ. ಇನ್‌ಹೇಲರ್ ಕೈಗೆ ಸಿಗುವ ಚೀಲದಲ್ಲಿರಲಿ.

ಮೂಗು ಒಣಗುತ್ತದೆ ಎಂದು ತುಪ್ಪ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚುವುದು ನಮ್ಮಲ್ಲಿ ವಾಡಿಕೆ. ಆಕ್ಸಿಜನ್ ನಳಿಕೆ ಇರುವವರು ಇದನ್ನು ಮಾಡಬಾರದು, ಜಿಡ್ಡು ಮತ್ತು ಆಕ್ಸಿಜನ್ ಸೇರಿದರೆ ಬೆಂಕಿಗೆ ಅನುಕೂಲ. ನೀರು ಆಧಾರಿತ ಜೆಲ್ ಅಥವಾ ಉಪ್ಪುನೀರಿನ ಸ್ಪ್ರೇ ಬಳಸಿ. ಕರ್ಪೂರ, ಲವಂಗ, ಓಮ, ನೀಲಗಿರಿ ಎಣ್ಣೆಯ ಗಂಟು ಮೂಸಿದರೆ ಆಕ್ಸಿಜನ್ ಮಟ್ಟ ಏರುತ್ತದೆ ಎಂಬ 2021ರ ಫಾರ್ವರ್ಡ್ ಈಗಲೂ ಸತ್ತಿಲ್ಲ. ಅದು ಏರಿಸುವುದಿಲ್ಲ. ಮೂಗು ತೆರೆದಂತೆ ಅನ್ನಿಸುತ್ತದೆ, ರಕ್ತದಲ್ಲಿ ಏನೂ ಬದಲಾಗುವುದಿಲ್ಲ. ಕರ್ಪೂರ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು ಬೇರೆ, ಆಕ್ಸಿಜನ್ ನಳಿಕೆಯ ಪಕ್ಕ ಇಡುವಂಥದ್ದಲ್ಲ.

ಇಳಿದ ಮೇಲೆ

ಹೋಗುವ ಊರಿನ ಎತ್ತರ ನೋಡಿ. ಲೇಹ್ ವಿಮಾನ ನಿಲ್ದಾಣ ಸುಮಾರು 3,250 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ಕ್ಯಾಬಿನ್ ಗಾಳಿಗಿಂತಲೂ ತೆಳು. ಅಂಥ ಊರಿಗೆ ಹಾರಾಟದ ಒಂದೂವರೆ ಗಂಟೆಗಿಂತ ಅಲ್ಲಿ ಕಳೆಯುವ ದಿನಗಳೇ ಹೆಚ್ಚು ಕಷ್ಟ.

ಅಮೆರಿಕಕ್ಕೆ ಹೋಗುವವರಿಗೆ ಬೇರೆಯದೇ ತಾಪತ್ರಯ. ಅಲ್ಲಿನ ಮನೆಗಳಲ್ಲಿ ಕರೆಂಟ್ 120 ವೋಲ್ಟ್. ಇಲ್ಲಿಂದ 230 ವೋಲ್ಟ್‌ನ ದೊಡ್ಡ ಯಂತ್ರವನ್ನು ಲಗೇಜಿನಲ್ಲಿ ಹಾಕಿ ಕಳಿಸಿದರೂ ಅಲ್ಲಿ ಅದು ನೇರವಾಗಿ ನಡೆಯುವುದಿಲ್ಲ, ಪ್ಲಗ್ ಬದಲಿಸಿದ ಮಾತ್ರಕ್ಕೆ ವೋಲ್ಟೇಜ್ ಬದಲಾಗುವುದಿಲ್ಲ. ರಾತ್ರಿ ಮಲಗುವಾಗ ಬೇಕಾಗುವ ಯಂತ್ರವನ್ನು ಅಲ್ಲೇ ಬಾಡಿಗೆಗೆ ಹೇಳಿ, ಅಪ್ಪ ಅಮ್ಮ ಮನೆ ತಲುಪುವ ಮೊದಲೇ ಅದು ಕೋಣೆಗೆ ಬಂದಿರುವಂತೆ ಮಗನಿಗೋ ಮಗಳಿಗೋ ತಿಳಿಸಿಡಿ. ಅಲ್ಲಿ ಬಾಡಿಗೆಗೂ ವೈದ್ಯರ ಚೀಟಿ ಕೇಳುತ್ತಾರೆ, ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ ಒಂದು ಪ್ರತಿಯನ್ನು ಇಲ್ಲಿಂದಲೇ ಒಯ್ಯುವುದು ಒಳ್ಳೆಯದು.